ಮಂಡ್ಯದ ಕೋಲ್ಮನ್ ಸಾಹೇಬರು: ಗೊತ್ತಿರುವ ವಿದ್ಯೆ, ಕೈಗೆ ಬಂದ ವಿದ್ಯೆ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ಮದ್ದೂರು ಬಂತೆಂದರೆ ವಡೆಯ ನೆನಪಾಗುತ್ತದೆ. ಅಲ್ಲಿಂದ ಮುಂದೆ ಕಿಟಕಿಯ ಹೊರಗೆ ಕಬ್ಬು, ಭತ್ತ, ತೆಂಗು ಕಾಣಿಸುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಯ ಈ ಹಸಿರಿಗೆ ಯಾರು ಕಾರಣ ಎಂದು ಕೇಳಿದರೆ ಹೆಚ್ಚಿನವರು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳುತ್ತಾರೆ. ಅದು ಸರಿಯೇ. ಆದರೆ ಕನ್ನಂಬಾಡಿಯ ನೀರು ಹೊಲಕ್ಕೆ ಬಂದಾಗ ಆ ನೀರಿನಲ್ಲಿ ಏನು ಬೆಳೆಯಬೇಕು, ಬೆಳೆದದ್ದನ್ನು ಎಲ್ಲಿ ಮಾರಬೇಕು ಎಂಬ ಪ್ರಶ್ನೆಗಳೂ ಎದ್ದವು. ಅವುಗಳಿಗೆ ಉತ್ತರ ಹುಡುಕಿದವರಲ್ಲಿ ಮುಖ್ಯರಾದವರು ಕೆನಡಾ ದೇಶದಿಂದ ಬಂದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆ ಇದ್ದ ದೊಡ್ಡ ಪ್ರೇರಕ ಶಕ್ತಿಯೂ ಅವರೇ.

ಕರಾವಳಿಯ ನಮಗೂ ಅವರು ದೂರದವರಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣದ ಮದ್ದು ಬಿಡುವ ಕ್ರಮ ನಮ್ಮ ತೋಟಗಳಲ್ಲಿ ಇಂದಿಗೂ ಇದೆ. ಕೊಳೆರೋಗಕ್ಕೆ ಈ ಮದ್ದು ಆಗುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ತೋರಿಸಿಕೊಟ್ಟವರು ಕೋಲ್ಮನ್. ಹೆಸರು ಗೊತ್ತಿಲ್ಲದಿದ್ದರೂ ಅವರ ಕೆಲಸದ ಫಲವನ್ನು ನಮ್ಮ ಎಷ್ಟೋ ಮನೆಗಳು ಉಂಡಿವೆ.

ಈ ಬರಹದ ಉದ್ದೇಶ ಅವರ ಸಾಧನೆಗಳ ಪಟ್ಟಿ ಕೊಡುವುದು ಮಾತ್ರವಲ್ಲ. ಒಂದು ಸಂಗತಿ ಗೊತ್ತಿರುವುದಕ್ಕೂ ಒಂದು ಕೆಲಸ ಬರುವುದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆಗೆ ಅವರ ಬದುಕು ಒಳ್ಳೆಯ ಉದಾಹರಣೆ. ಕನ್ನಡ ಮಾತಿನಲ್ಲೇ ಈ ವ್ಯತ್ಯಾಸ ಅಡಗಿದೆ. ಹೊಳೆ ಎಷ್ಟು ಆಳ ಎಂಬುದು ನಮಗೆ ಗೊತ್ತು ಎನ್ನುತ್ತೇವೆ. ಈಜುವ ವಿಷಯಕ್ಕೆ ಬಂದರೆ ಈಜು ಬರುತ್ತದೆ ಎನ್ನುತ್ತೇವೆ. ಹೊಳೆಯ ಆಳ ಗೊತ್ತಿದ್ದ ಮಾತ್ರಕ್ಕೆ ಈಜು ಬಂದಂತಾಗಲಿಲ್ಲ. ಈಜು ಬರುವವನಿಗೆ ಆಳ ಗೊತ್ತಿರಲೇಬೇಕೆಂದೂ ಇಲ್ಲ. ಈ ಎರಡು ಬಗೆಯ ತಿಳಿವಿನಲ್ಲಿ ಯಾವುದು ದೊಡ್ಡದು, ಎರಡೂ ಬೇರೆ ಬೇರೆಯೇ ಅಥವಾ ಒಂದೇ ಎಂದು ತತ್ವಶಾಸ್ತ್ರದ ಪಂಡಿತರು ಇಂದಿಗೂ ವಾದಿಸುತ್ತಿದ್ದಾರೆ.

ಒಂಟಾರಿಯೋದಿಂದ ಮೈಸೂರಿಗೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಂದ ಜರ್ಮನಿಯ ಗೋಟಿಂಗೆನ್‌ಗೆ ಹೋಗಿ ಡಾಕ್ಟರೇಟ್ ಪಡೆದರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ಹೇಗೆ ತರುತ್ತವೆ ಎಂಬುದು ಅವರ ಅಧ್ಯಯನದ ವಿಷಯವಾಗಿತ್ತು. ಸೂಕ್ಷ್ಮದರ್ಶಕ, ಗಾಜಿನ ಬಟ್ಟಲು, ಅಳತೆ, ಲೆಕ್ಕ ಇವೇ ಆ ವಿದ್ಯೆಯ ಸಾಧನಗಳು.

1908ರಲ್ಲಿ ಅವರು ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಬೆಳೆಗಳಿಗೆ ಬರುವ ಶಿಲೀಂಧ್ರ ರೋಗಗಳನ್ನೂ ಕೀಟಗಳನ್ನೂ ನೋಡಿಕೊಳ್ಳುವುದು ಅವರ ಹೊಣೆ. ಆಗ ಅವರಿಗೆ 30 ವರ್ಷ. ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಕ್ಷೇತ್ರದಲ್ಲಿ 1913ರಲ್ಲಿ ಕೃಷಿ ಶಾಲೆ ಆರಂಭವಾಯಿತು. ಅದೇ ಮುಂದೆ 1946ರಲ್ಲಿ ಕೃಷಿ ಕಾಲೇಜಾಗಿ, 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ನೆಲೆಯಾಯಿತು. ಕಾಫಿ ಬೆಳೆಗಾರರಿಗಾಗಿ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸಂಶೋಧನಾ ಕೇಂದ್ರ ಸ್ಥಾಪನೆಯಾದುದರಲ್ಲೂ ಕೋಲ್ಮನ್ ಅವರ ಪಾತ್ರ ದೊಡ್ಡದು. ಜೋಳದ ಹೊಲಗಳನ್ನು ಹಾಳುಗೆಡವುತ್ತಿದ್ದ ರೆಕ್ಕೆಯಿಲ್ಲದ ಒಂದು ಮಿಡತೆಗೆ ಕೀಟಶಾಸ್ತ್ರಜ್ಞರು 1910ರಲ್ಲಿ ಕೋಲ್ಮನ್ ಅವರ ಹೆಸರನ್ನೇ ಸೇರಿಸಿ ಕೋಲ್ಮೇನಿಯಾ ಎಂದು ನಾಮಕರಣ ಮಾಡಿದರು.

ಕೊಳೆರೋಗ ಮತ್ತು ಕೊಟ್ಟೆ

ಕೋಲ್ಮನ್ ಬಂದ ಕೂಡಲೇ ಎದುರಾದ ದೊಡ್ಡ ಸಮಸ್ಯೆ ಮಲೆನಾಡಿನ ಅಡಿಕೆಯ ಕೊಳೆರೋಗ. ಈ ರೋಗದ ಪರಿಚಯವನ್ನು ಕರಾವಳಿಯ ಓದುಗರಿಗೆ ಮಾಡಿಕೊಡಬೇಕಾಗಿಲ್ಲ. ಜಡಿಮಳೆ ಹಿಡಿದಾಗ ಎಳೆಕಾಯಿಗಳ ತೊಟ್ಟಿನ ಬಳಿ ನೀರು ಹೀರಿದಂಥ ಕಲೆ ಬೀಳುತ್ತದೆ. ನಾಲ್ಕಾರು ದಿನಗಳಲ್ಲಿ ಕಾಯಿ ಕೊಳೆತು ಉದುರುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಇಡೀ ವರ್ಷದ ಆದಾಯ ಒಂದು ತಿಂಗಳಲ್ಲಿ ನೆಲದ ಪಾಲಾಗುತ್ತದೆ. ಮಕ್ಕಳ ಮದುವೆ, ಸಾಲದ ಕಂತು, ಶಾಲೆಯ ಫೀಸು ಎಲ್ಲವೂ ಆ ಕೊನೆಗಳನ್ನೇ ನಂಬಿಕೊಂಡಿರುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಬೆಳೆಗಾರರು ಸುಮ್ಮನೆ ಕುಳಿತಿರಲಿಲ್ಲ. ಅಡಿಕೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಕೊಟ್ಟೆ ಮಾಡಿ, ಮಳೆಗೆ ಮುಂಚೆ ಪ್ರತಿಯೊಂದು ಕೊನೆಗೂ ಕಟ್ಟುತ್ತಿದ್ದರು. ಅದರಿಂದ ಬೆಳೆ ಉಳಿಯುತ್ತಿತ್ತು. ಸರಿಯಾದ ಹೊತ್ತಿಗೆ, ಸರಿಯಾದ ಬಿಗಿಯಲ್ಲಿ, ಗಾಳಿಗೆ ಹಾರದಂತೆ, ಕೊನೆಗೆ ಪೆಟ್ಟಾಗದಂತೆ ಕಟ್ಟಬೇಕು. ಇದು ಕೈಗೆ ಬಂದ ವಿದ್ಯೆ. ತಂದೆಯಿಂದ ಮಗನಿಗೆ, ಹಿರಿಯ ಕೊನೆಗಾರನಿಂದ ಕಿರಿಯನಿಗೆ ನೋಡಿ ಮಾಡಿ ಬಂದದ್ದು. ಆದರೆ ಕೊಟ್ಟೆ ಯಾಕೆ ಕೆಲಸ ಮಾಡುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮಳೆ ಬಿದ್ದರೆ ಕೊಳೆ, ಮಳೆ ತಪ್ಪಿಸಿದರೆ ಕೊಳೆಯಿಲ್ಲ ಎಂಬಷ್ಟೇ ಅನುಭವ. ಪ್ರತಿ ಕೊನೆಗೂ ಕೊಟ್ಟೆ ಕಟ್ಟುವುದು ಬಹಳ ಖರ್ಚಿನ, ಬಹಳ ಶ್ರಮದ ಕೆಲಸವೂ ಆಗಿತ್ತು.

ಕೋಲ್ಮನ್ ಸೂಕ್ಷ್ಮದರ್ಶಕದ ಕೆಳಗೆ ಈ ರೋಗದ ಕಾರಣವನ್ನು ಗುರುತಿಸಿದರು. ಅದು ಫೈಟಾಫ್ತೊರಾ ಜಾತಿಗೆ ಸೇರಿದ, ಶಿಲೀಂಧ್ರದಂತೆ ಬೆಳೆಯುವ ಒಂದು ಜೀವಿ. ಆಲೂಗಡ್ಡೆಯ ಅಂಗಮಾರಿಗೆ ಕಾರಣವಾಗಿ ಐರ್ಲೆಂಡಿನಲ್ಲಿ 1840ರ ದಶಕದ ಭೀಕರ ಕ್ಷಾಮವನ್ನು ತಂದ ಜೀವಿಯ ಹತ್ತಿರದ ಸಂಬಂಧಿ. ಅದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಮಳೆಹನಿ ಸಿಡಿದಾಗ ಒಂದು ಕಾಯಿಯಿಂದ ಇನ್ನೊಂದಕ್ಕೆ ಹೋಗುತ್ತವೆ. ಕಾಯಿಯ ಮೇಲೆ ತೇವ ಇದ್ದರೆ ಮೊಳೆತು ಒಳಹೊಗುತ್ತವೆ. ಕೊಟ್ಟೆ ಯಾಕೆ ಫಲ ಕೊಡುತ್ತಿತ್ತು ಎಂಬುದು ಈಗ ಸ್ಪಷ್ಟವಾಯಿತು.

ಈ ಅಧ್ಯಯನವನ್ನು ಅವರು 1910ರಲ್ಲಿ ಪ್ರಕಟಿಸಿದರು. ಪರಿಹಾರವಾಗಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮೈಲುತುತ್ತಿನ ನೀರು ಮತ್ತು ಸುಣ್ಣದ ತಿಳಿ ಸೇರಿ ಆಗುವ ಈ ನೀಲಿ ಮದ್ದು ಕಾಯಿಯ ಮೇಲೆ ತೆಳುವಾದ ಪೊರೆಯಂತೆ ಅಂಟಿಕೊಂಡು, ಬಂದು ಬೀಳುವ ಬೀಜಕಣಗಳನ್ನು ಕೊಲ್ಲುತ್ತದೆ. ಆದುದರಿಂದ ರೋಗ ಬರುವ ಮೊದಲೇ ಬಿಡಬೇಕು. ಕೊಳೆ ಶುರುವಾದ ಮೇಲೆ ಬಿಟ್ಟರೆ ಉಪಯೋಗ ಕಡಿಮೆ. ಮಳೆ ತೊಳೆದುಕೊಂಡು ಹೋಗುವುದರಿಂದ ಸುಮಾರು 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಬಿಡಬೇಕು. ಯಾಕೆ ಎಂಬುದು ತಿಳಿದ ಮೇಲೆ ಯಾವಾಗ ಎಂಬುದೂ ತಾನಾಗಿ ತಿಳಿಯಿತು.

ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆದರೂ ರೋಗಕ್ಕೆ ಗಡಿಯಿಲ್ಲದಂತೆ ಮದ್ದಿಗೂ ಗಡಿ ಇರಲಿಲ್ಲ. ಘಟ್ಟದ ಮೇಲಿನ ಈ ಕ್ರಮ ಘಟ್ಟದ ಕೆಳಗೂ ಬಂತು.

ಈ ಮದ್ದಿನ ಹಿಂದಿನ ಕತೆಯೂ ಕೇಳತಕ್ಕದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ತಗಲಿಲ್ಲ ಎಂಬುದನ್ನು ಮಿಯಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಮದ್ದಿನ ಕ್ರಮವನ್ನು ಪ್ರಕಟಿಸಿದರು. ರೈತರ ಕೈಯಲ್ಲಿ ಮದ್ದು ಇತ್ತು, ಅದು ಮದ್ದು ಎಂಬ ತಿಳಿವು ಇರಲಿಲ್ಲ. ವಿಜ್ಞಾನಿಗೆ ಆ ತಿಳಿವು ಬಂದದ್ದು ರೈತರ ಕೈಕೆಲಸವನ್ನು ನೋಡಿದ್ದರಿಂದ.

ಇನ್ನೊಂದು ಮಾತು. ಕೋಲ್ಮನ್ ಅವರ ಲೇಖನವನ್ನು ಎಷ್ಟು ಸಲ ಓದಿದರೂ ಅಡಿಕೆ ಮರ ಹತ್ತಲು ಬರುವುದಿಲ್ಲ. ಕಾಲಿಗೆ ತಳೆ ಹಾಕಿ, ಮಳೆಗೆ ಜಾರುವ ಮರವನ್ನು ಅಪ್ಪಿ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟಿ, ಕೊನೆಯ ಎಲ್ಲ ಬದಿಗೂ ಮದ್ದು ತಾಗುವಂತೆ ಬಿಡುವ ಕೆಲಸ ಕೊನೆಗಾರನಿಗೆ ಮಾತ್ರ ಬರುತ್ತಿತ್ತು. ಅವನಿಲ್ಲದಿದ್ದರೆ ಗೋಟಿಂಗೆನ್‌ನ ವಿದ್ಯೆ ಮರದ ಬುಡದಲ್ಲೇ ನಿಲ್ಲುತ್ತಿತ್ತು.

ಗೊತ್ತಾದರೂ ಕೈಲಾಗದ ರೋಗ

ಎಲ್ಲ ಕಡೆಯೂ ಕೊಳೆರೋಗದಂಥ ಜಯ ಸಿಗಲಿಲ್ಲ. ಮೈಸೂರು ಸಂಸ್ಥಾನಕ್ಕೆ ಶ್ರೀಗಂಧ ದೊಡ್ಡ ಸಂಪತ್ತು. ಅದಕ್ಕೆ ಸ್ಪೈಕ್ ಎಂಬ ರೋಗ ಅಂಟಿಕೊಂಡಿತ್ತು. ಕೊಡಗಿನಲ್ಲಿ 1899ರಲ್ಲಿ ಮೊದಲು ಕಂಡ ಈ ರೋಗದಲ್ಲಿ ಎಲೆಗಳು ಸಣ್ಣದಾಗಿ ಮುಳ್ಳಿನಂತೆ ಸೆಟೆದುಕೊಂಡು ಮರ ಸಾಯುತ್ತಿತ್ತು. ಕೋಲ್ಮನ್ ರೋಗದ ಮರದ ರೆಂಬೆಯನ್ನು ಆರೋಗ್ಯವಂತ ಮರಕ್ಕೆ ಕಸಿ ಮಾಡಿ, ರೋಗ ಅದಕ್ಕೂ ಹರಡುತ್ತದೆ ಎಂದು 1917ರಲ್ಲಿ ತೋರಿಸಿದರು. ಇದು ಅಂಟುರೋಗ ಎಂಬ ಸತ್ಯ ಹೀಗೆ ಖಚಿತವಾಯಿತು. ಆದರೆ ವಾಸಿ ಮಾಡುವ ದಾರಿ ಸಿಗಲಿಲ್ಲ. ರೋಗಕಾರಕ ಸೂಕ್ಷ್ಮಜೀವಿ ಕಣ್ಣಿಗೆ ಬಿದ್ದದ್ದೇ ಅರ್ಧ ಶತಮಾನದ ನಂತರ, 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ.

ಮಲೆನಾಡಿನ ಬೆಳೆಗಾರನಿಗೆ ಕೆಲಸ ಬರುತ್ತಿತ್ತು, ಕಾರಣ ಗೊತ್ತಿರಲಿಲ್ಲ. ಶ್ರೀಗಂಧದ ವಿಷಯದಲ್ಲಿ ಸಂಗತಿ ಗೊತ್ತಾಯಿತು, ಮಾಡುವ ಕೆಲಸ ಬರಲಿಲ್ಲ. ಒಬ್ಬನೇ ವಿಜ್ಞಾನಿಯ 10 ವರ್ಷಗಳ ಸೇವೆಯಲ್ಲಿ ಈ ಎರಡೂ ಸ್ಥಿತಿಗಳು ಕಾಣಿಸಿಕೊಂಡವು.

ಪಂಡಿತರ ವಾದ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಗಿಲ್ಬರ್ಟ್ ರೈಲ್ ಎಂಬ ತತ್ವಜ್ಞಾನಿ ಇದ್ದರು. ಅವರು 1945ರಲ್ಲಿ ಒಂದು ಉಪನ್ಯಾಸದಲ್ಲಿ, ಬಳಿಕ 1949ರ ತಮ್ಮ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಕೆಲಸ ಬಲ್ಲವನು ಮೊದಲು ಮನಸ್ಸಿನಲ್ಲಿ ನಿಯಮಗಳನ್ನು ಓದಿಕೊಂಡು, ಆಮೇಲೆ ಕೈಯಿಂದ ಮಾಡುತ್ತಾನೆ ಎಂಬ ನಂಬಿಕೆ ಪಂಡಿತರಲ್ಲಿ ಬಹಳ ಕಾಲದಿಂದ ಇತ್ತು. ರೈಲ್ ಅದನ್ನು ಒಪ್ಪಲಿಲ್ಲ. ನಿಯಮವನ್ನು ನೆನಪಿಸಿಕೊಳ್ಳುವುದು, ಈ ಹೊತ್ತಿಗೆ ಯಾವ ನಿಯಮ ಹೊಂದುತ್ತದೆ ಎಂದು ಆರಿಸುವುದು ಸಹ ಒಂದು ಕೆಲಸವೇ. ಅದನ್ನು ಚೆನ್ನಾಗಿ ಮಾಡಲು ಇನ್ನೊಂದು ನಿಯಮ ಬೇಕು. ಆ ನಿಯಮವನ್ನು ಆರಿಸಲು ಮತ್ತೊಂದು. ಹೀಗೆ ಹೋದರೆ ಕೊನೆಯೇ ಇಲ್ಲ, ಕೊನೆಗಾರ ಮರ ಹತ್ತುವುದೇ ಇಲ್ಲ. ಆದುದರಿಂದ ಕೆಲಸ ಬರುವುದು ಎಂಬುದು ಸಂಗತಿ ಗೊತ್ತಿರುವುದರ ನೆರಳಲ್ಲ, ಅದು ತನ್ನಷ್ಟಕ್ಕೆ ಬೇರೆಯೇ ಆದ ತಿಳಿವು ಎಂಬುದು ರೈಲ್ ಅವರ ವಾದ. ಹಂಗೆರಿಯಲ್ಲಿ ಹುಟ್ಟಿದ ಮೈಕೆಲ್ ಪೊಲಾನಿ ಎಂಬ ವಿಜ್ಞಾನಿ 1958ರ ಪುಸ್ತಕದಲ್ಲಿ ಇನ್ನೊಂದು ದಿಕ್ಕಿನಿಂದ ಇದೇ ವಿಷಯಕ್ಕೆ ಬಂದರು. ಸೈಕಲ್ ಬಿಡುವವನಿಗೆ ಸಮತೋಲದ ಲೆಕ್ಕ ಗೊತ್ತಿರುವುದಿಲ್ಲ, ಆದರೂ ಅವನು ಬೀಳುವುದಿಲ್ಲ ಎಂಬುದು ಅವರು ತೋರಿಸಿದ ಉದಾಹರಣೆ.

ವಿರುದ್ಧ ವಾದವೂ ಇದೆ. ಜೇಸನ್ ಸ್ಟಾನ್ಲಿ ಮತ್ತು ತಿಮೊತಿ ವಿಲಿಯಮ್‌ಸನ್ ಎಂಬ ಇಬ್ಬರು ತತ್ವಜ್ಞಾನಿಗಳು 2001ರಲ್ಲಿ ಬರೆದ ಲೇಖನದ ಪ್ರಕಾರ, ಕೆಲಸ ಬರುವುದೂ ಒಂದು ಸಂಗತಿ ಗೊತ್ತಿರುವುದೇ. ಈ ಕೆಲಸಕ್ಕೆ ಇದು ದಾರಿ ಎಂಬ ಸಂಗತಿ ಅವನಿಗೆ ಗೊತ್ತಿದೆ, ಆದರೆ ಅವನು ಅದನ್ನು ತಿಳಿದಿರುವುದು ಮಾಡುವವನ ರೀತಿಯಲ್ಲಿ. ಮಾತಿನಲ್ಲಿ ಹೇಳಲು ಬಾರದಿದ್ದರೂ ಕೈ ತೋರಿಸಿ, ಇದು ಹೀಗೆ ಎನ್ನಬಲ್ಲ. ಈ ವಾದ ಬಂದ ಮೇಲೆ ಚರ್ಚೆ ಮತ್ತೆ ಬಿಸಿಯಾಯಿತು. ಇಂದಿಗೂ ತೀರ್ಮಾನವಾಗಿಲ್ಲ.

ರೈಲ್ ಉಪನ್ಯಾಸ ಮಾಡುವ ಹೊತ್ತಿಗೆ ಕೋಲ್ಮನ್ ಮೈಸೂರು ಬಿಟ್ಟು 11 ವರ್ಷಗಳಾಗಿದ್ದವು. ಅವರು ತತ್ವಜ್ಞಾನಿಯಲ್ಲ. ಆದರೆ ಮಂಡ್ಯದ ಬಯಲಿನಲ್ಲಿ ಅವರ ಇಲಾಖೆಗೆ ಎದುರಾದದ್ದು ಇದೇ ಪ್ರಶ್ನೆ.

ರಾಗಿಯ ಸೀಮೆಗೆ ಕಾಲುವೆಯ ನೀರು

ಕಾಲುವೆ ಬರುವ ಮೊದಲು ಮಂಡ್ಯ, ಮದ್ದೂರು, ಮಳವಳ್ಳಿಯ ಬಹುಭಾಗ ಮಳೆ ನಂಬಿದ ಸೀಮೆ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿದ್ದರೂ ಸುತ್ತಲಿನ ಹೊಲಗಳು ಒಣಗಿದ್ದವು. ಕೆರೆಯ ಕೆಳಗೆ ಒಂದಿಷ್ಟು ಭತ್ತ. ಉಳಿದಂತೆ ರಾಗಿ.

ರಾಗಿ ಬೆಳೆಯುವುದರಲ್ಲಿ ಇಲ್ಲಿನ ರೈತರು ನಿಪುಣರು. ಮಣ್ಣಿನ ಹದ ನೋಡಿ ಕೂರಿಗೆಯಿಂದ ಬಿತ್ತುವುದು, ನಡುವೆ ಅವರೆ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವುದು, ಪೈರು ಎಳೆಯದಿರುವಾಗ ಹಲುಬೆ ಹೊಡೆದು ಕಳೆ ತೆಗೆಯುವುದು, ಮಳೆ ತಡವಾದರೆ ನಾಟಿ ಮಾಡುವುದು ಎಲ್ಲವೂ ಅವರಿಗೆ ಬರುತ್ತಿತ್ತು. ಹದ ಎಂಬ ಪದವನ್ನೇ ನೋಡಿ. ಎಷ್ಟು ತೇವ ಇದ್ದರೆ ಹದ ಎಂದು ಅಳತೆ ಹೇಳುವವರಿಲ್ಲ. ಮುಷ್ಟಿಯಲ್ಲಿ ಮಣ್ಣು ಹಿಡಿದು ಬಿಟ್ಟವನಿಗೆ ಹದ ತಿಳಿಯುತ್ತದೆ.

ಕೋಲ್ಮನ್ ಈ ವಿದ್ಯೆಯನ್ನು ಹಗುರವಾಗಿ ಕಾಣಲಿಲ್ಲ ಎನ್ನಲು ಅವರ ಕೆಲಸವೇ ಸಾಕ್ಷಿ. ಮೈಸೂರಿನ ರಾಗಿ ಬೇಸಾಯದ ಬಗ್ಗೆ ಅವರು ಬರೆದ ವಿಸ್ತಾರವಾದ ಪ್ರಬಂಧ 1920ರಲ್ಲಿ ಪ್ರಕಟವಾಯಿತು. ಬಡವರ ಧಾನ್ಯ ಎಂದು ಬೇರೆಯವರು ಬದಿಗಿಟ್ಟಿದ್ದ ಬೆಳೆಯನ್ನು ಅವರು ಗಂಭೀರ ಅಧ್ಯಯನಕ್ಕೆ ಎತ್ತಿಕೊಂಡರು. ರಾಗಿಯ ಹೂ ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಹಾಗಾಗಿ ಹೊಲದಲ್ಲಿ ಚೆನ್ನಾಗಿ ಬಂದ ತೆನೆಗಳನ್ನು ಆರಿಸಿ ಬೆಳೆಸುತ್ತ ಹೋಗುವುದು ತಳಿ ಸುಧಾರಣೆಗೆ ಸುಲಭವಾದ ದಾರಿ. ರೈತ ತಲೆಮಾರುಗಳಿಂದ ಮಾಡುತ್ತ ಬಂದ ಬೀಜದ ಆಯ್ಕೆಯನ್ನೇ ಹೆಬ್ಬಾಳದ ಕ್ಷೇತ್ರವು ಲೆಕ್ಕ ಇಟ್ಟು, ಕ್ರಮವಾಗಿ ಮಾಡಿತು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿತ್ತು. 1930ರ ದಶಕದ ಆರಂಭದಲ್ಲಿ ಕಾಲುವೆಯ ನೀರು ಹೊಲಗಳ ಕಡೆಗೆ ಬಂತು. ಆಗಿನ ವೈಸರಾಯ್ ಹೆಸರಿನಲ್ಲಿ ಅದು ಇರ್ವಿನ್ ಕಾಲುವೆ, ಮುಂದೆ ವಿಶ್ವೇಶ್ವರಯ್ಯ ಕಾಲುವೆ. ಸುಮಾರು 1,20,000 ಎಕರೆಗೆ ನೀರು ಕೊಡುವ ಯೋಜನೆ.

ನೀರು ಬಂದದ್ದು ಸಂತೋಷದ ವಿಷಯವೇ. ಆದರೆ ಅದರೊಂದಿಗೆ ಕಷ್ಟವೂ ಬಂತು. ಮಳೆಯ ಜೊತೆ ಬಾಳಲು ಕಲಿತ ಕೈಗೆ ಕಾಲುವೆಯ ಜೊತೆ ಬಾಳುವುದು ಹೊಸದು. ನೀರು ಹೆಚ್ಚಾದರೆ ಭೂಮಿ ಜೌಗಾಗುತ್ತದೆ, ಉಪ್ಪು ಮೇಲೇಳುತ್ತದೆ. ಒಬ್ಬ ಭತ್ತಕ್ಕೆ ಕಟ್ಟಿದ ನೀರು ಪಕ್ಕದವನ ರಾಗಿಯನ್ನು ಕೊಲ್ಲುತ್ತದೆ. ಅದಕ್ಕಾಗಿ ಇಲ್ಲಿ ಬ್ಲಾಕ್ ಪದ್ಧತಿ ಬಂತು. ಒಂದು ಬ್ಲಾಕಿನ ಜಮೀನನ್ನು ಮೂರು ಪಾಲು ಮಾಡಿ ಕಬ್ಬು, ಭತ್ತ ಮತ್ತು ಕಡಿಮೆ ನೀರಿನ ಬೆಳೆಯನ್ನು ಮೂರು ವರ್ಷಗಳ ಸರದಿಯಲ್ಲಿ ಬೆಳೆಯಬೇಕು. ಕಾಗದದ ಮೇಲೆ ಇದು ಸುಲಭ. ಹೊಲದಲ್ಲಿ ಇದು ನೂರಾರು ಮನೆಗಳು ಕೂಡಿ ಕಲಿಯಬೇಕಾದ ಹೊಸ ಕೆಲಸ.

ರೈತನಿಗೆ ಬರುತ್ತಿದ್ದ ಕೆಲಸ ಇಲ್ಲಿ ಸಾಲದಾಯಿತು ಎಂಬುದನ್ನೂ ಒಪ್ಪಬೇಕು. ಕೈಗೆ ಬಂದ ವಿದ್ಯೆ ತಾನು ಬೆಳೆದ ಪರಿಸರದಲ್ಲಿ ಬಲವಾಗಿರುತ್ತದೆ. ಪರಿಸರ ಒಮ್ಮೆಲೇ ಬದಲಾದರೆ ಅದಕ್ಕೆ ದಾರಿ ತೋಚುವುದಿಲ್ಲ. ಯಾಕೆ ಎಂದು ಕೇಳುವ ವಿದ್ಯೆ ಆಗ ಬೇಕಾಗುತ್ತದೆ. ಈ ಕಾರಣಕ್ಕೇ 1931ರಲ್ಲಿ ಮಂಡ್ಯದ ಬಳಿ ಇರ್ವಿನ್ ಕಾಲುವೆ ಫಾರ್ಮ್ ಆರಂಭವಾಯಿತು. ಈಗ ಎಲ್ಲರೂ ವಿ.ಸಿ. ಫಾರ್ಮ್ ಎಂದು ಕರೆಯುವುದು ಅದನ್ನೇ. ಕಾಲುವೆಯ ನೀರು, ಮಂಡ್ಯದ ಮಣ್ಣು ಇವೆರಡನ್ನೂ ಒಟ್ಟಿಗೆ ಇಟ್ಟು ಅಲ್ಲೇ ಪರೀಕ್ಷೆ ಮಾಡುವ ಜಾಗ ಅದು.

ಆಲೆಮನೆ ಮತ್ತು ಕಾರ್ಖಾನೆ

ಕಬ್ಬು ಬೆಳೆದರೆ ಸಾಲದು. ಕಡಿದ ಕಬ್ಬನ್ನು ಬೇಗ ಅರೆಯಬೇಕು. ಇಟ್ಟಷ್ಟೂ ಒಳಗಿನ ಸಕ್ಕರೆ ಅಂಶ ಒಡೆದು ಇಳುವರಿ ಕಡಿಮೆಯಾಗುತ್ತದೆ. ಆಲೆಮನೆಗಳು ಇದ್ದವು, ಆದರೆ ಕಾಲುವೆಯ ಕೆಳಗೆ ಬರಲಿದ್ದ ಕಬ್ಬನ್ನೆಲ್ಲ ಅರೆಯುವ ಶಕ್ತಿ ಅವಕ್ಕಿರಲಿಲ್ಲ. ಅದೇ ಕಾಲಕ್ಕೆ, 1932ರಲ್ಲಿ, ಜಾವಾದಿಂದ ಬರುತ್ತಿದ್ದ ಅಗ್ಗದ ಸಕ್ಕರೆಯಿಂದ ದೇಶದ ಉದ್ಯಮವನ್ನು ರಕ್ಷಿಸುವ ಕಾನೂನು ಬಂತು. ಕಾರ್ಖಾನೆಗೆ ಇದು ಸಕಾಲ ಎಂಬುದನ್ನು ಕೋಲ್ಮನ್ ಕಂಡರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಸರ್ಕಾರವೇ ದೊಡ್ಡ ಪಾಲುದಾರ, ರೈತರೂ ಷೇರುದಾರರು. ಮೈಷುಗರ್ ಎಂದು ಜನ ಕರೆಯುವ ಈ ಕಾರ್ಖಾನೆಯ ಸುತ್ತ ಊರು ಬೆಳೆಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಕಾರ್ಖಾನೆಯಲ್ಲಿ ಎಲ್ಲವೂ ಅಳತೆ. ರಸದಲ್ಲಿ ಸಕ್ಕರೆ ಎಷ್ಟು, ಹುಳಿ ಎಷ್ಟು, ಶಾಖ ಎಷ್ಟು ಎಂಬುದನ್ನು ಉಪಕರಣ ಹೇಳುತ್ತದೆ. ಆಲೆಮನೆಯಲ್ಲಿ ಪಾಕ ಇಳಿಸುವವನ ಕಣ್ಣು, ಮೂಗು, ಬೆರಳೇ ಉಪಕರಣ. ರಸಕ್ಕೆ ಎಷ್ಟು ಸುಣ್ಣ ಹಾಕಬೇಕು, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವುದು ಯಾವಾಗ, ಗುಳ್ಳೆ ಹೇಗೆ ಏಳಬೇಕು ಎಂಬುದು ಅವನಿಗೆ ತಿಳಿದಿರುತ್ತದೆ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟಿದರೆ ಹದ ಬಂತು. ತಡವಾದರೆ ಬೆಲ್ಲ ಸೀಯುತ್ತದೆ, ಬೇಗ ಇಳಿಸಿದರೆ ಅಚ್ಚು ಗಟ್ಟಿಯಾಗುವುದಿಲ್ಲ. ಆ ಹೊತ್ತಿಗೆ ಪಾಕದ ಶಾಖ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಎಂದು ವಿಜ್ಞಾನ ಹೇಳುತ್ತದೆ. ಆ ಸಂಖ್ಯೆ ಗೊತ್ತಿಲ್ಲದೆಯೂ ಅವನು ಪ್ರತಿ ಸಲ ಅಲ್ಲಿಗೇ ತಲಪುತ್ತಾನೆ.

ರೈಲ್ ಅವರ ಪಕ್ಷದವರು ಈ ಪಾಕದವನನ್ನು ತಮ್ಮ ಸಾಕ್ಷಿಯಾಗಿ ಕರೆಯಬಹುದು: ಅವನು ನಿಯಮ ಓದುತ್ತಿಲ್ಲ, ಸುಮ್ಮನೆ ಬಲ್ಲ. ಎದುರು ಪಕ್ಷದವರೂ ಅವನನ್ನೇ ಕರೆಯಬಹುದು: ಇದೇ ಹದ ಎಂಬ ಸಂಗತಿ ಅವನಿಗೆ ಗೊತ್ತಿದೆ, ಸಂಖ್ಯೆಯ ಬದಲು ಬೆರಳಿನಿಂದ ಹೇಳುತ್ತಾನೆ ಅಷ್ಟೇ. ಇಬ್ಬರಲ್ಲಿ ಯಾರು ಗೆದ್ದರೂ ಒಂದು ಮಾತು ಉಳಿಯುತ್ತದೆ. ಅವನಿಗಿರುವುದು ತಿಳಿವು. ಅದೃಷ್ಟವಲ್ಲ, ಬರೀ ರೂಢಿಯಲ್ಲ, ತೋಳ್ಬಲವೂ ಅಲ್ಲ. ಅದನ್ನು ತಿಳಿವು ಎಂದು ಒಪ್ಪುವುದೋ ಇಲ್ಲವೋ ಎಂಬುದರ ಮೇಲೆ ಅವನ ಕೂಲಿ, ಅವನ ಮರ್ಯಾದೆ, ಸಭೆಯಲ್ಲಿ ಅವನ ಮಾತಿಗಿರುವ ಬೆಲೆ ನಿಂತಿದೆ.

ರೈತರ ಹೊಲದಲ್ಲೇ ಪ್ರಯೋಗ

ಕೋಲ್ಮನ್ ಅವರ ಕಾಲದಲ್ಲಿ, 1918ರಲ್ಲಿ, ಮೈಸೂರು ಕೃಷಿ ಮತ್ತು ಪ್ರಯೋಗ ಸಂಘ ಎಂಬ ಸಂಸ್ಥೆ ಹುಟ್ಟಿತು. ಇದೇ ಬಗೆಯ ಹೆಸರಿನ ಸಂಘ ಅವರ ಹುಟ್ಟೂರಾದ ಒಂಟಾರಿಯೋ ಪ್ರಾಂತ್ಯದಲ್ಲಿ 1879ರಿಂದಲೇ ಇತ್ತು. ಅಲ್ಲಿನ ರೈತರು ಹೊಸ ಬೀಜವನ್ನೂ ಹೊಸ ಕ್ರಮವನ್ನೂ ತಮ್ಮ ಹೊಲದಲ್ಲೇ ಪರೀಕ್ಷಿಸಿ ಫಲಿತಾಂಶ ತಿಳಿಸುತ್ತಿದ್ದರು. ಸರ್ಕಾರಿ ಫಾರ್ಮಿನಲ್ಲಿ ಚೆನ್ನಾಗಿ ಬಂದದ್ದು ರೈತನ ಹೊಲದಲ್ಲೂ ಬರುತ್ತದೆ ಎಂದು ಹೇಳಲಾಗದು. ಅವನ ಎತ್ತು, ಅವನ ಗೊಬ್ಬರ, ಅವನ ಮನೆಯ ಕೈಗಳು ಬೇರೆ. ಪ್ರಯೋಗ ಮಾಡುವವನು ರೈತನೇ ಆದಾಗ ಅವನು ಬರೀ ಕೇಳುವವನಾಗಿ ಉಳಿಯುವುದಿಲ್ಲ, ಉತ್ತರ ಹೇಳುವವನೂ ಆಗುತ್ತಾನೆ.

ಅದೇ ಕಾಲದಲ್ಲಿ ಮಧ್ಯ ಭಾರತದ ಇಂದೋರಿನಲ್ಲಿ ಸರ್ ಆಲ್ಬರ್ಟ್ ಹೊವಾರ್ಡ್ ಎಂಬ ವಿಜ್ಞಾನಿ ರೈತರನ್ನು ತಮ್ಮ ಗುರುಗಳೆಂದೇ ತಿಳಿದು ಕಾಂಪೋಸ್ಟ್ ಗೊಬ್ಬರದ ಕ್ರಮವನ್ನು ರೂಪಿಸುತ್ತಿದ್ದರು. ಅವರಿಗೂ ಮುಂಚೆ ಜಾನ್ ವೋಲ್ಕರ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಭಾರತವನ್ನು ಸುತ್ತಿ, ಇಲ್ಲಿನ ರೈತ ದಡ್ಡನಲ್ಲ, ಅವನಿಗೆ ಕೊರತೆ ಇರುವುದು ಸೌಕರ್ಯಗಳದ್ದು ಎಂಬ ಅರ್ಥದ ವರದಿಯನ್ನು 1893ರಲ್ಲಿ ಕೊಟ್ಟಿದ್ದರು. ಕೋಲ್ಮನ್ ಅವರ ಕೆಲಸವನ್ನು ಈ ಸಾಲಿನಲ್ಲಿಟ್ಟು ನೋಡಬಹುದು.

1934ರಲ್ಲಿ ಅವರು ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. 26 ವರ್ಷಗಳ ಹಿಂದೆ ಅವರು ಬಂದಾಗ ಮಂಡ್ಯದಲ್ಲಿ ಕಾಲುವೆಯೂ ಇರಲಿಲ್ಲ, ಕಾರ್ಖಾನೆಯೂ ಇರಲಿಲ್ಲ. 1954ರಲ್ಲಿ, 76ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಮ್ಮ ಮುಂದಿರುವ ಪ್ರಶ್ನೆ

ಇಂದು ಕರಾವಳಿಯಲ್ಲಿ ಕೊಳೆರೋಗದ ಕಾರಣ ಯಾರಿಗೆ ಗೊತ್ತಿಲ್ಲ? ಮದ್ದಿನ ಅಳತೆ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಮರ ಹತ್ತಿ ಮದ್ದು ಬಿಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಉದ್ದದ ಫೈಬರ್ ದೋಟಿಗಳು ಬಂದಿವೆ, ಅವುಗಳನ್ನು ಹಿಡಿಯಲೂ ಒಂದು ಕೈಚಳಕ ಬೇಕು. ಹತ್ತುವವರ ವಿದ್ಯೆಯನ್ನು ನಾವು ಎಂದೂ ವಿದ್ಯೆ ಎಂದು ಕರೆಯಲಿಲ್ಲ. ಅವರ ಮಕ್ಕಳು ಆ ಕೆಲಸಕ್ಕೆ ಬರಲಿಲ್ಲ ಎಂದು ದೂರುವಾಗ ಇದನ್ನು ನೆನಪಿಡಬೇಕು.

ಹಳ್ಳಿಗಳಲ್ಲಿ ತರಬೇತಿ ಶಿಬಿರ, ಸ್ವಸಹಾಯ ಗುಂಪು, ಕೃಷಿ ಮಾಹಿತಿ ಎಂದು ದುಡಿಯುವವರು ನಮ್ಮಲ್ಲಿ ಅನೇಕರಿದ್ದಾರೆ. ಮಾಹಿತಿ ಕೊಡುವುದು ಒಳ್ಳೆಯದು, ಅದಿಲ್ಲದೆ ಕೊಳೆರೋಗಕ್ಕೆ ಮದ್ದು ಸಿಗುತ್ತಿರಲಿಲ್ಲ. ಆದರೆ ಮಾಹಿತಿ ಕೊಟ್ಟ ಮಾತ್ರಕ್ಕೆ ಕೆಲಸ ಕಲಿಸಿದಂತಾಗುವುದಿಲ್ಲ. ಶಿಬಿರಕ್ಕೆ ಬಂದವರಿಗೆ ಏನು ಗೊತ್ತಿಲ್ಲ ಎಂದು ಕೇಳುವ ಮೊದಲು ಅವರಿಗೆ ಏನು ಬರುತ್ತದೆ ಎಂದು ಕೇಳಿದರೆ ದಾರಿ ಸುಲಭವಾಗುತ್ತದೆ. ಅಲ್ಲಿ ಕೊನೆಗಾರ, ಪಾಕ ಇಳಿಸುವವ, ಕೂರಿಗೆ ಹಿಡಿದವ, ಬೀಜ ಆರಿಸಿಡುವ ಅಜ್ಜಿ ಕುಳಿತಿದ್ದರೆ ಅವರಿಗೂ ಮಾತಾಡಲು ಸಮಯ ಇರಲಿ.

ಮಂಡ್ಯದ ಕಡೆ ಹೋದಾಗ ಕಬ್ಬಿನ ಗಾಡಿಗಳು ಕಣ್ಣಿಗೆ ಬಿದ್ದರೆ ಈ ಕೆನಡಾದವರನ್ನು ನೆನೆಯೋಣ. ಅವರ ಲೆಕ್ಕ, ಸೂಕ್ಷ್ಮದರ್ಶಕಗಳ ಜೊತೆಗೆ ಹೆಸರೇ ಉಳಿಯದ ಸಾವಿರಾರು ಕೈಗಳು ದುಡಿದವು. ಎರಡೂ ಸೇರಿದ್ದರಿಂದಲೇ ಆ ಬಯಲು ಹಸಿರಾಯಿತು.